ಸಾಂಟಾ ಕ್ಲಾರಾ ಕೌಂಟಿಗೆ ಜಿಲ್ಲಾಧಿಕಾರಿ ಯಾರು, ನ್ಯಾಯಾಲಯ ಎಲ್ಲಿದೆ?

ಮಗ ಕ್ಯಾಲಿಫೋರ್ನಿಯಾದ ಕೂಪರ್ಟಿನೋದಲ್ಲಿದ್ದಾನೆ, ಅಲ್ಲಿನ ಕೌಂಟಿಯೂ ನಮ್ಮ ಜಿಲ್ಲೆಯಂತೆಯೇ ನಡೆಯುತ್ತದೆಯೇ, ಜಿಲ್ಲಾಧಿಕಾರಿ ಯಾರು, ನ್ಯಾಯಾಲಯ ಎಲ್ಲಿದೆ ಎಂದು ಕೇಳಿದ್ದೀರಿ. ಅದೇ ಸಾಂಟಾ ಕ್ಲಾರಾ ಕೌಂಟಿಯ ಸನಿವೇಲ್‌ನಲ್ಲಿ ವಾಸವಾಗಿರುವುದರಿಂದ ಉತ್ತರಿಸುತ್ತಿದ್ದೇನೆ.

ಜಿಲ್ಲಾಧಿಕಾರಿಯಂಥ ಒಬ್ಬ ಅಧಿಕಾರಿ ಇಲ್ಲಿ ಇಲ್ಲ. ನಮ್ಮಲ್ಲಿ ಒಂದೇ ಕಚೇರಿಗೆ ಬಂದು ಸೇರುವ ಅಧಿಕಾರಗಳು ಇಲ್ಲಿ ಹಲವರಲ್ಲಿ ಹಂಚಿಹೋಗಿವೆ. ಐದು ಕ್ಷೇತ್ರಗಳಿಂದ ನಾಲ್ಕು ವರ್ಷದ ಅವಧಿಗೆ ಆಯ್ಕೆಯಾಗುವ ಐವರು ಸೂಪರ್‌ವೈಸರ್‌ಗಳ ಮಂಡಳಿಯು ಬಜೆಟ್‌ಗೆ ಒಪ್ಪಿಗೆ ನೀಡಿ, ಸ್ಥಳೀಯ ಕಾನೂನು ರೂಪಿಸುತ್ತದೆ. ದೈನಂದಿನ ಆಡಳಿತಕ್ಕೆ ಒಬ್ಬ ಕೌಂಟಿ ಎಕ್ಸಿಕ್ಯೂಟಿವ್‌ರನ್ನು ನೇಮಿಸುತ್ತದೆ. ಆದರೆ ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್, ಸರ್ಕಾರದ ಪರ ಕ್ರಿಮಿನಲ್ ಮೊಕದ್ದಮೆ ಹೂಡುವ ಡಿಸ್ಟ್ರಿಕ್ಟ್ ಅಟಾರ್ನಿ ಮತ್ತು ಆಸ್ತಿಯ ಮೌಲ್ಯ ನಿಗದಿ ಮಾಡುವ ಅಸೆಸರ್, ಈ ಮೂವರನ್ನೂ ಮತದಾರರೇ ನೇರವಾಗಿ ಆರಿಸುತ್ತಾರೆ. ನಿಮ್ಮ ಮಗನ ಊರನ್ನೇ ನೋಡಿ: ಕೂಪರ್ಟಿನೋ ನಗರಕ್ಕೆ ಸ್ವಂತ ಪೊಲೀಸ್ ಪಡೆ ಇಲ್ಲ, ನಗರಾಡಳಿತವು ಒಪ್ಪಂದ ಮಾಡಿಕೊಂಡು ಶೆರಿಫ್ ಇಲಾಖೆಯಿಂದ ಆ ಸೇವೆ ಪಡೆಯುತ್ತದೆ. ಪಕ್ಕದ ನಮ್ಮ ಸನಿವೇಲ್‌ನಲ್ಲಾದರೋ ನಗರದ್ದೇ ಆದ ಇಲಾಖೆಯಿದ್ದು, ಅದರ ಅಧಿಕಾರಿಗಳು ಪೊಲೀಸ್ ಕೆಲಸಕ್ಕೂ ಬೆಂಕಿ ಆರಿಸುವ ಕೆಲಸಕ್ಕೂ ತರಬೇತಿ ಪಡೆದವರು.

ಕೌಂಟಿಯ ಕೇಂದ್ರ ಸ್ಯಾನ್ ಹೋಸೆ. 1849ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಮೊದಲ ಶಾಸನಸಭೆ ಸೇರಿದ್ದು ಈ ಊರಿನಲ್ಲೇ. ಒಂದೆರಡು ವರ್ಷಗಳಲ್ಲಿ ರಾಜಧಾನಿ ಬೇರೆಡೆಗೆ ಹೋಯಿತು. ಅದನ್ನು ಮತ್ತೆ ಸೆಳೆಯಬಹುದೆಂಬ ಆಸೆಯಿಂದಲೇ 1860ರ ದಶಕದಲ್ಲಿ, ಲೀವೈ ಗುಡ್‌ರಿಚ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ, ಸೇಂಟ್ ಜೇಮ್ಸ್ ಉದ್ಯಾನದೆದುರು ಎತ್ತರದ ಕಂಬಗಳ, ಗುಮ್ಮಟದ ಭವ್ಯ ನ್ಯಾಯಾಲಯವನ್ನು ಕಟ್ಟಿದರು. ರಾಜಧಾನಿ ಮರಳಲಿಲ್ಲ. 1931ರ ಬೆಂಕಿಯಲ್ಲಿ ಗುಮ್ಮಟವೂ ಹೋಯಿತು. ಅದನ್ನು ಪುನಃ ಕಟ್ಟದೆ ಮೂರನೆಯ ಅಂತಸ್ತು ಸೇರಿಸಿದ್ದರಿಂದ, ಈಗ ಎದುರು ನಿಂತು ನೋಡಿದರೆ ಕಂಬಗಳಿಗೆ ತಕ್ಕ ಕಿರೀಟವಿಲ್ಲವೆಂದು ನನಗಂತೂ ಅನ್ನಿಸುತ್ತದೆ. ಕ್ರಿಮಿನಲ್ ಪ್ರಕರಣಗಳ ಮುಖ್ಯ ಕಟ್ಟಡ ಹೆಡಿಂಗ್ ಬೀದಿಯಲ್ಲಿದೆ. ಕೌಟುಂಬಿಕ ಪ್ರಕರಣಗಳ ಹೊಸ ನ್ಯಾಯಾಲಯ 2016ರಲ್ಲಿ ಉದ್ಯಾನದ ಬಳಿಯೇ ಆರಂಭವಾಯಿತು. ಹೆಸರಿನಲ್ಲಿ ಕೌಂಟಿ ಇದ್ದರೂ, ಈ ಕಟ್ಟಡಗಳಲ್ಲಿ ನಡೆಯುವ ಸುಪೀರಿಯರ್ ಕೋರ್ಟ್ ರಾಜ್ಯ ನ್ಯಾಯಾಂಗದ ಭಾಗ. ಸೂಪರ್‌ವೈಸರ್‌ಗಳ ಮಾತು ಅಲ್ಲಿ ನಡೆಯದು.

ಭೂಗೋಳ ಸರಳವಾದದ್ದು. ಉತ್ತರಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ತುದಿ, ಪಶ್ಚಿಮಕ್ಕೆ ಸಾಂಟಾ ಕ್ರೂಜ್ ಬೆಟ್ಟಗಳು, ಪೂರ್ವಕ್ಕೆ ಡಯಾಬ್ಲೋ ಶ್ರೇಣಿ, ದಕ್ಷಿಣದ ಕಡೆ ಬೆಳ್ಳುಳ್ಳಿಗೆ ಹೆಸರಾದ ಗಿಲ್‌ರಾಯ್. 2020ರ ಜನಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕ 19 ಲಕ್ಷಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ನಡುವಿನ ಕಣಿವೆಯಲ್ಲೇ ಇದ್ದಾರೆ. ಪೂರ್ವದ ಮೌಂಟ್ ಹ್ಯಾಮಿಲ್ಟನ್ ಮೇಲೆ ಲಿಕ್ ಖಗೋಳ ವೀಕ್ಷಣಾಲಯವಿದೆ. ಹಣ ಕೊಟ್ಟ ಜೇಮ್ಸ್ ಲಿಕ್, ಕೌಂಟಿ ಆಡಳಿತವೇ ಶಿಖರದವರೆಗೆ ಒಳ್ಳೆಯ ರಸ್ತೆ ಮಾಡಿಕೊಡಬೇಕೆಂದು ಷರತ್ತು ಹಾಕಿದ್ದ. 1876ರಲ್ಲಿ ಮುಗಿದ ಆ ರಸ್ತೆ, ಕುದುರೆಗಾಡಿಗಳು ಭಾರ ಹೊತ್ತು ಹತ್ತಲೆಂದು ಏರು ತಗ್ಗಿಸಿದ್ದರಿಂದಲೇ ಇಂದಿಗೂ ನೂರಾರು ತಿರುವುಗಳಿಂದ ಕೂಡಿದೆ. ಮಗನ ಮನೆಗೆ ಬಂದಾಗ ಹೋಗಿಬನ್ನಿ. ಚಳಿಗಾಲದಲ್ಲಾದರೆ, ಹಿಮ ಬಿದ್ದು ರಸ್ತೆ ಮುಚ್ಚಿದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.