ಕಲ್ಲು ಹತ್ತೋವಾಗ ಸ್ಟೀರಿಂಗ್ ಕೈಕೊಟ್ರೆ

ಪ್ರಶ್ನೆ: ನನ್ನ ಆರ್‌ಸಿ ರಾಕ್ ಕ್ರಾಲರ್ (ಕಲ್ಲು ಹತ್ತೋ ರಿಮೋಟ್ ಗಾಡಿ, 1/10 ಸೈಜು) ಎತ್ತಿ ಹಿಡಿದ್ರೆ ಚಕ್ರ ಚೆನ್ನಾಗೇ ತಿರುಗುತ್ತೆ, ಕಲ್ಲಿನ ಸಂದಿಗೆ ಇಳಿಸಿದ್ರೆ ಮಾತ್ರ ಸರ್ವೋ (ಸ್ಟೀರಿಂಗ್ ತಿರುಗಿಸೋ ಮೋಟರ್) ಗುಂಯ್ ಅನ್ನುತ್ತೆ, ಚಕ್ರ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಸರ್ವೋ ಹೋಗಿದ್ಯಾ ಸಾರ್?

ಉತ್ತರ: ತಡೀರಿ, ಈಗಲೇ ಹೊಸದು ತಗೋಬೇಡಿ. ಮೊದಲು ಸರ್ವೋ ಹಾರ್ನಿಂದ (ಸರ್ವೋ ಶಾಫ್ಟಿಗೆ ಕೂರೋ ಪುಟ್ಟ ತೋಳು) ಸ್ಟೀರಿಂಗ್ ಲಿಂಕ್ ಬಿಚ್ಚಿ, ಚಕ್ರನ ಬೆರಳಲ್ಲೇ ಆ ಕಡೆ ಈ ಕಡೆ ತಿರುಗಿಸಿ ನೋಡಿ, ಎಲ್ಲಾದ್ರೂ ಬಿಗಿ ಹಿಡಿದ್ರೆ ಸ್ಟೀರಿಂಗ್ ನಕಲ್ (knuckle, ಚಕ್ರ ಹಿಡಿದು ತಿರುಗೋ ಭಾಗ) ಸ್ಕ್ರೂ ಜಾಸ್ತಿ ಟೈಟ್ ಆಗಿರಬಹುದು ಇಲ್ಲಾ ಬೇರಿಂಗಲ್ಲಿ ಮಣ್ಣು ಸೇರಿರಬಹುದು. ಸಲೀಸಾಗಿದ್ರೆ ಹಾರ್ನ್ ನೋಡಿ. ಪ್ಲಾಸ್ಟಿಕ್‌ದು ಲೋಡ್ ಬಿದ್ದಾಗ ಬಾಗುತ್ತೆ, ಒಳಗಿನ ಹಲ್ಲು ಸವೆದು ಜಾರುತ್ತೆ. ಮೆಟಲ್ ಹಾಕಿ, ಆದ್ರೆ ಹಲ್ಲು ಎಣಿಸ್ಕೊಂಡೇ ತಗೊಳ್ಳಿ, 25 ಹಲ್ಲಿಂದು 23ರ ಸರ್ವೋಗೆ ಸರಿಯಾಗಿ ಕೂರಲ್ಲ.

ಎಲ್ರೂ ಮರೆಯೋದು ಬಿಇಸಿ, ಅಂದ್ರೆ ಬ್ಯಾಟರಿ ವೋಲ್ಟೇಜ್ ಇಳಿಸಿ ಸರ್ವೋಗೂ ರಿಸೀವರ್‌ಗೂ ಕೊಡೋ ಸರ್ಕ್ಯೂಟ್. ಸರ್ವೋ ಸಿಕ್ಕಾಕೊಂಡಾಗ ಹಲವು ಆಂಪಿಯರ್ ಎಳೆಯುತ್ತೆ, ಇಎಸ್‌ಸಿ (ಗಾಡಿ ಮೋಟರ್ ವೇಗ ನೋಡ್ಕೊಳ್ಳೋ ಭಾಗ) ಒಳಗಿನ ಬಿಇಸಿ ಅಷ್ಟು ಕೊಡಕ್ಕಾಗದೆ ವೋಲ್ಟೇಜ್ ಬೀಳುತ್ತೆ, ಸ್ಟೀರಿಂಗ್ ತಿರುಗಿಸಿದ ತಕ್ಷಣ ಲೈಟ್ ಮಂಕಾಗೋದು, ರಿಸೀವರ್ ಒಂದು ಕ್ಷಣ ಆಫ್ ಆಗೋದು ಇದ್ರಿಂದ್ಲೇ. ಬೇರೆ ಬಿಇಸಿ ಹಾಕಿ, ಆದ್ರೆ ವೋಲ್ಟೇಜ್ ಸರ್ವೋಗೆ ಹೇಳಿರೋದಕ್ಕಿಂತ ಜಾಸ್ತಿ ಇಡಬೇಡಿ.

ಗಾಡಿ ಎತ್ತಿ ಹಿಡಿದಾಗ್ಲೂ ಪೂರ್ತಿ ತಿರುಗಿದ ಮೇಲೆ ಗುಂಯ್ ಅಂತಿದ್ರೆ ರಿಮೋಟಲ್ಲಿ ಎಂಡ್ ಪಾಯಿಂಟ್ (ಸರ್ವೋ ಎಷ್ಟು ದೂರ ತಿರುಗಬೇಕು ಅನ್ನೋ ಮಿತಿ) ಕಡಿಮೆ ಮಾಡಿ, ಇದೊಂದನ್ನ ಮಾಡದೆ ನಾನೇ ಒಂದು ಸರ್ವೋ ಸುಟ್ಟಿದೀನಿ. ಇಷ್ಟಾದ್ಮೇಲೂ ಆಗ್ಲಿಲ್ವಾ, ಆಗ 20-25 ಕೆಜಿ-ಸೆಂಮೀ ಟಾರ್ಕ್ (ತಿರುಗಿಸೋ ಬಲ) ಇರೋ ಸರ್ವೋ ನೋಡಿ. ಮುಂದಿನ ಆಕ್ಸಲ್ ಲಾಕ್ ಆಗಿದ್ದು (ಎರಡೂ ಚಕ್ರ ಒಂದೇ ವೇಗದಲ್ಲಿ ಉರುಳೋ ಹಾಗೆ), ಚಕ್ರಕ್ಕೆ ಹಿತ್ತಾಳೆ ತೂಕನೂ ಹಾಕಿದ್ರೆ ಸಣ್ಣ ಸರ್ವೋ ಪಾಪ ಏನ್ ಮಾಡುತ್ತೆ.