ಹುರುಳಿ ಸಾರಿನಿಂದ ಪ್ರೋಟೀನು ಸಾಕಾಗುತ್ತದೆಯೇ? – ಪ್ರತಿಕ್ರಿಯೆ

ನಮಸ್ಕಾರ. ಮೀನು ಬಿಟ್ಟಿರುವ, 55 ಕಿಲೋ ತೂಕದ ತಮ್ಮ ತಾಯಿಯವರಿಗೆ ದಿನವೂ ಹುರುಳಿ ಸಾರು ಕೊಟ್ಟರೆ ಪ್ರೋಟೀನು ಸಾಕಾಗುವುದೇ, ಹೊಟ್ಟೆಯುಬ್ಬರಕ್ಕೆ ಪರಿಹಾರವೇನು ಎಂದು ಕೇಳಿದ್ದೀರಿ.

ಬರಿಯ ಸಾರು ಖಂಡಿತ ಸಾಲದು. ನಮ್ಮ ಕಾಸರಗೋಡಿನ ಮನೆಗಳಲ್ಲಿ ಹುರುಳಿ ಬೇಯಿಸಿ, ಬಸಿದ ನೀರನ್ನು ಸಾರು ಮಾಡಿ, ಕಾಳನ್ನು ಹಟ್ಟಿಯ ದನಕ್ಕೆ ಹಾಕುವ ರೂಢಿಯಿತ್ತು. ಆದರೆ ಪ್ರೋಟೀನಿನ ಬಹುಪಾಲು ಉಳಿಯುವುದು ಆ ಕಾಳಿನಲ್ಲೇ. ಆದ್ದರಿಂದ ಕಾಳನ್ನು ತೆಂಗಿನಕಾಯಿಯೊಂದಿಗೆ ಪಲ್ಯ ಮಾಡಿ, ಇಲ್ಲವೇ ಬಸಳೆಯೊಡನೆ ಬೇಯಿಸಿ ಬಡಿಸಿ. ಕಿಲೋ ತೂಕಕ್ಕೆ ಸುಮಾರು 0.83 ಗ್ರಾಂ ಲೆಕ್ಕದಲ್ಲಿ ಅವರಿಗೆ ದಿನಕ್ಕೆ 46 ಗ್ರಾಂ ಪ್ರೋಟೀನು ಬೇಕು. 50 ಗ್ರಾಂ ಒಣ ಹುರುಳಿಯಿಂದ ಸಿಗುವುದು ಸುಮಾರು 11 ಗ್ರಾಂ ಮಾತ್ರ. ಹೆಸರು, ಅಲಸಂಡೆ ಬೀಜಗಳದ್ದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಎರಡು ಹೊತ್ತು ಕಾಳು, ಜೊತೆಗೆ ಹಾಲು ಅಥವಾ ಮೊಸರು ಇರಲಿ.

ಕುಚ್ಚಲಕ್ಕಿ ಗಂಜಿಗೆ ಹೆಸರುಕಾಳಿನ ಪಲ್ಯ ನೆಂಚಿಕೊಳ್ಳುವ ನಮ್ಮ ಹಳೆಯ ಕ್ರಮ ನನಗೆ ಬಹಳ ಅಚ್ಚುಮೆಚ್ಚು, ಏಕೆಂದರೆ ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪ್ರೋಟೀನಿನ ಘಟಕ ಕಾಳಿನಲ್ಲಿ ಧಾರಾಳವಾಗಿದೆ, ಕಾಳಿನಲ್ಲಿ ಕಡಿಮೆಯಿರುವ ಮೆಥಿಯೋನಿನ್ ಎಂಬ ಇನ್ನೊಂದು ಘಟಕವನ್ನು ಅಕ್ಕಿ ತುಂಬಿಕೊಡುತ್ತದೆ.

ವಾಯು ಉಂಟುಮಾಡುವ ಸಕ್ಕರೆಯ ಅಂಶಗಳು ಸ್ವಲ್ಪಮಟ್ಟಿಗೆ ನೆನೆಸಿದ ನೀರಿಗೆ ಬಿಡುತ್ತವೆ. ಆದುದರಿಂದ ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಸಾಧ್ಯವಾದರೆ ಮೊಳಕೆ ಬರಿಸಿ, ಹೊಸ ನೀರಿನಲ್ಲಿ ಬೇಯಿಸಿ. ಹುಣಸೆಹುಳಿಯನ್ನು ಕಾಳು ಪೂರ್ತಿ ಮೆತ್ತಗಾದ ಮೇಲಷ್ಟೇ ಹಾಕಿ. ಮೊದಲೇ ಹಾಕಿದರೆ ಅದು ಬೇಯಲು ತಡವಾಗುತ್ತದೆ. ಮೊದಲ ವಾರ ಎರಡು ಚಮಚದಷ್ಟೇ ಕೊಟ್ಟು ನಿಧಾನವಾಗಿ ಹೆಚ್ಚಿಸಿ. ಮೂತ್ರಪಿಂಡದ ತೊಂದರೆಯಿದ್ದಲ್ಲಿ ಮಾತ್ರ ವೈದ್ಯರನ್ನು ಕೇಳದೆ ಆರಂಭಿಸಬೇಡಿ.