ಅಲುಗಾಡುವ ಫೀಲ್ಡ್ ಹಾಕಿ ಕ್ವಾಂಟಮ್ ಟನೆಲಿಂಗ್ ನಿಲ್ಲಿಸಲು ಫೀಲ್ಡ್ ಎಷ್ಟು ಜೋರಿರಬೇಕು?

ವಿರಾಜಪೇಟೆಯಲ್ಲಿ ಮನೆಯಲ್ಲೇ ಕುಳಿತು ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೀರಿ, ಟನೆಲಿಂಗ್ ನಿಧಾನ ಆಗುತ್ತಿದೆ, ಆದರೆ ನಿಲ್ಲುತ್ತಿಲ್ಲ. ಫೀಲ್ಡ್ ಇನ್ನೂ ಜೋರು ಮಾಡಲಾ, ಪೈಥಾನ್ ಬಿಟ್ಟು ಮ್ಯಾಟ್‌ಲ್ಯಾಬ್ ಹಿಡಿಯಲಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನ್ನ 2014ರ ಮಳೆಗಾಲ ಕಣ್ಣೆದುರು ಬಂತು.

ನಮ್ಮ ಮನೆ ಸೋಮವಾರಪೇಟೆ ಹತ್ತಿರ. ನನ್ನ ಪ್ರಾಜೆಕ್ಟೂ ಇದೇ. ಎರಡು ಗುಂಡಿ, ಮಧ್ಯೆ ಒಂದು ಬರೆ, ಅಂದರೆ ದಿಬ್ಬದಂಥ ಶಕ್ತಿಯ ತಡೆ. ಎಡಗಡೆ ಗುಂಡಿಯಲ್ಲಿಟ್ಟ ಕಣ ಬರೆ ಹತ್ತದೆಯೇ ಬಲಗಡೆಗೆ ಹೋಗುತ್ತದೆ, ವಾಪಸ್ ಬರುತ್ತದೆ. ಇದೇ ಟನೆಲಿಂಗ್. ಹೊರಗಿನಿಂದ ಫೀಲ್ಡ್ (ವಿದ್ಯುತ್ ಕ್ಷೇತ್ರದಂಥದ್ದು) ಹಾಕಿ ಸರಿಯಾದ ಲಯದಲ್ಲಿ ಅಲುಗಾಡಿಸಿದರೆ ಈ ಓಡಾಟ ನಿಲ್ಲುತ್ತದೆ ಅಂತ 1991ರಲ್ಲಿ ಗ್ರಾಸ್‌ಮನ್, ಡಿಟ್ರಿಚ್, ಯುಂಗ್, ಹೆಂಗಿ ತೋರಿಸಿದ್ದರು. ನಾನು ಅದನ್ನೇ ಕಂಪ್ಯೂಟರಿನಲ್ಲಿ ಮಾಡಿ ನೋಡಬೇಕಿತ್ತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಲ್ಲಲೇ ಇಲ್ಲ. ಮಳೆಯೂ ನಿಲ್ಲಲಿಲ್ಲ. ಕರೆಂಟ್ ಹೋದರೆ ಎರಡು ದಿನ ಬರುತ್ತಿರಲಿಲ್ಲ. ನನ್ನ ಲ್ಯಾಪ್‌ಟಾಪ್‌ಗೆ ಇನ್ವರ್ಟರ್ ಉಳಿಯಲಿ ಅಂತ ಅಮ್ಮ ಅಡುಗೆಮನೆಯಲ್ಲಿ ಚಿಮಣಿ ದೀಪ ಹಚ್ಚಿಕೊಳ್ಳುತ್ತಿದ್ದರು. ಇಡೀ ರಾತ್ರಿ ಓಡಬೇಕಾದ ಲೆಕ್ಕ ಬೆಳಗಿನ ಜಾವ ಅರ್ಧಕ್ಕೇ ಸತ್ತು ಹೋಗುತ್ತಿತ್ತು.

ತಪ್ಪು ಎಲ್ಲಿತ್ತು ಅಂದರೆ, ಒಂದು 2ರಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವೂ ಇಲ್ಲೇ ಇದ್ದೀರಿ ಅಂತ ನನಗೆ ಅನ್ನಿಸುತ್ತಿದೆ. ಸೂತ್ರದಲ್ಲಿ ಒಂದು ಅನುಪಾತ ಇದೆ ಅಲ್ವಾ? ಮೇಲೆ ಅಲುಗಾಟದ ಶಕ್ತಿ, ಕೆಳಗೆ ಆ ಕಂಪನದ ಒಂದು ಕ್ವಾಂಟಮ್ ಶಕ್ತಿ. ಅದನ್ನು ಬೆಸೆಲ್ ಫಂಕ್ಷನ್ ಅನ್ನುವ, ಅಲೆಯ ಹಾಗೆ ಏರಿಳಿಯುವ ಗಣಿತದ ಫಂಕ್ಷನ್‌ಗೆ ಹಾಕಿದರೆ ಟನೆಲಿಂಗ್ ಮೂಲ ವೇಗದ ಎಷ್ಟು ಪಾಲು ಉಳಿಯುತ್ತದೆ ಅಂತ ಸಿಗುತ್ತದೆ. ಅನುಪಾತ 2.405 ಆದಾಗ ಬೆಸೆಲ್ ಫಂಕ್ಷನ್ ಸೊನ್ನೆ, ಟನೆಲಿಂಗ್ ಬಂದ್. ಮೇಲೆ ಇರಬೇಕಾದ್ದು ಎರಡು ಗುಂಡಿಗಳ ನಡುವಿನ ಶಕ್ತಿಯ ವ್ಯತ್ಯಾಸದ ಗರಿಷ್ಠ ಬೆಲೆ. ನಾನು ಹಾಕಿದ್ದು ಒಂದೇ ಗುಂಡಿ ಎಷ್ಟು ಮೇಲೇಳುತ್ತದೆ ಅನ್ನುವುದು. ಎಡಗಡೆ ಅಷ್ಟು ಎದ್ದಾಗ ಬಲಗಡೆ ಅಷ್ಟೇ ಇಳಿದಿರುತ್ತದೆ. ವ್ಯತ್ಯಾಸ ಎರಡು ಪಟ್ಟು. ನಾನು 2.405ರಲ್ಲಿದ್ದೇನೆ ಅಂದುಕೊಂಡಿದ್ದೆ, ನಿಜವಾಗಿ ಇದ್ದದ್ದು 4.81ರಲ್ಲಿ. ಅಲ್ಲಿ ಬೆಸೆಲ್ ಫಂಕ್ಷನ್ ಸೊನ್ನೆಯಲ್ಲ, ಸುಮಾರು -0.24. ಅಂದರೆ ಕಣ ನಾಲ್ಕನೇ ಒಂದು ವೇಗದಲ್ಲಿ ದಾಟುತ್ತಲೇ ಇರುತ್ತದೆ.

ನನ್ನನ್ನು ಮುಳುಗಿಸಿದ್ದು ಈ ನಾಲ್ಕನೇ ಒಂದು. ಏನೂ ಆಗದೇ ಇದ್ದಿದ್ದರೆ ಒಂದು ವಾರದಲ್ಲಿ ತಪ್ಪು ಹುಡುಕುತ್ತಿದ್ದೆ. ನಿಧಾನ ಆಯಿತಲ್ಲ, ಹಾಗಾಗಿ ದಾರಿ ಸರಿ, ಲೆಕ್ಕ ಒರಟು ಅಂದುಕೊಂಡೆ. ಕಾಲದ ಹೆಜ್ಜೆ ಚಿಕ್ಕದು ಮಾಡಿದೆ, ಗ್ರಿಡ್ ದಟ್ಟ ಮಾಡಿದೆ, ಪ್ರೋಗ್ರಾಂ ಮೂರು ಸಲ ಹೊಸದಾಗಿ ಬರೆದೆ. ಫೀಲ್ಡನ್ನು ಮಾತ್ರ ಮುಟ್ಟಲಿಲ್ಲ, ಆ ಸಂಖ್ಯೆ ಪೇಪರ್‌ನಲ್ಲೇ ಇತ್ತಲ್ಲ.

ಅಕ್ಟೋಬರ್‌ನಲ್ಲಿ ಮೇಷ್ಟ್ರು ಫೋನಿನಲ್ಲಿ ಕೇಳಿದರು: "ಫೀಲ್ಡನ್ನು ಸೊನ್ನೆಯಿಂದ ಏರಿಸುತ್ತಾ ಹೋಗಿ ಗ್ರಾಫ್ ಹಾಕಿದ್ದೀಯೇನಪ್ಪಾ?" ಹಾಕಿರಲಿಲ್ಲ. ಅವತ್ತು ರಾತ್ರಿ ಒರಟು ಲೆಕ್ಕದಲ್ಲೇ ನಲವತ್ತು ಬೆಲೆ ಓಡಿಸಿದೆ. ಒಂದು ಗಂಟೆ ಸಾಕಾಯಿತು. ಟನೆಲಿಂಗ್ ವೇಗದ ಗೆರೆ ನಾನು ಹಾಕಿದ ಅನುಪಾತ 1.2ರ ಹತ್ತಿರ ತಳ ಮುಟ್ಟಿತು, ಮೇಲೆದ್ದು ಮತ್ತೆ 2.76ರಲ್ಲಿ ಮುಟ್ಟಿತು. ಸೂತ್ರದ ಸೊನ್ನೆಗಳು 2.405, 5.520. ಎರಡೂ ಸರಿಯಾಗಿ ಅರ್ಧ! ನಾನು ಕೂತಲ್ಲೇ ಅತ್ತುಬಿಟ್ಟೆ. ಅಷ್ಟರಲ್ಲಿ ಸಲ್ಲಿಸುವ ದಿನ ಕಳೆದಿತ್ತು, ಆ ವರ್ಷದ ಪಿಎಚ್.ಡಿ. ಸಂದರ್ಶನವೂ ಹೋಯಿತು.

ಹಾಗಾಗಿ "ಎಷ್ಟು ಜೋರು" ಅನ್ನುವ ಪ್ರಶ್ನೆಯೇ ತಪ್ಪು. ಫೀಲ್ಡ್ ಇಲ್ಲಿ ಬರೆಯನ್ನು ಎತ್ತರಿಸುವುದಿಲ್ಲ. ಎರಡು ಗುಂಡಿಗಳಲ್ಲಿ ಕಣದ ಅಲೆಯ ಫೇಸನ್ನು (ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಅನ್ನುವುದನ್ನು) ಹಿಂದೆ ಮುಂದೆ ಜಗ್ಗುತ್ತದೆ. ಸರಿಯಾದ ಅನುಪಾತದಲ್ಲಿ ಒಂದು ಸುತ್ತಿನೊಳಗೆ ದಾಟುವ ಪಾಲುಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಅನುಪಾತವನ್ನು 3.83ಕ್ಕೆ ಏರಿಸಿ ನೋಡಿ, ಟನೆಲಿಂಗ್ ಮೂಲ ವೇಗದ 40% ಆಗಿ ವಾಪಸ್ ಬರುತ್ತದೆ. 2007ರಲ್ಲಿ ಇಟಲಿಯ ಪೀಸಾದಲ್ಲಿ ರುಬಿಡಿಯಂ ಪರಮಾಣುಗಳನ್ನು ಲೇಸರ್ ಬೆಳಕಿನ ಸಾಲು ಗುಂಡಿಗಳಲ್ಲಿಟ್ಟು ಅಲುಗಾಡಿಸಿದರು. ಅಲ್ಲೂ 2.4ರ ಹತ್ತಿರ ನಿಂತು, ಮುಂದೆ ಹೋದಾಗ ಮತ್ತೆ ಶುರುವಾಯಿತು.

ಕಂಪನದ ವೇಗವನ್ನೂ ನೋಡಿಕೊಳ್ಳಿ. ಕಣ ತಾನಾಗಿ ಓಡಾಡುವುದಕ್ಕಿಂತ ತುಂಬಾ ವೇಗ ಇರಬೇಕು, ಆದರೆ ಕಣವನ್ನು ಮೇಲಿನ ಶಕ್ತಿಮಟ್ಟಕ್ಕೆ ಎಸೆಯುವಷ್ಟು ಇರಬಾರದು.

ಮ್ಯಾಟ್‌ಲ್ಯಾಬ್‌ಗೆ ಸುಮ್ನೆ ಯಾಕೆ ದುಡ್ಡು? ಪೈಥಾನ್ ಧಾರಾಳ ಸಾಕು. ಪೂರ್ತಿ ಗುಂಡಿಯ ಲೆಕ್ಕ ಈಗಲೇ ಬೇಡ. ಎರಡೇ ಶಕ್ತಿಮಟ್ಟದ ಮಾದರಿ ತಗೊಳ್ಳಿ, ಫೀಲ್ಡನ್ನು ಸೊನ್ನೆಯಿಂದ ಏರಿಸಿ ಗ್ರಾಫ್ ಹಾಕಿ. ಕರೆಂಟ್ ಇರುವ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಮೊದಲ ತಳ ಎಷ್ಟರಲ್ಲಿ ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ. 1.2 ಅಂತ ಬಂದರೆ ಮುಂದೇನು ಮಾಡಬೇಕು ಅಂತ ಇವತ್ತೇ ಹೇಳುತ್ತೇನೆ.